ನಗೆಮೇಷ್ಟ್ರ ಅಂಗೈ

ಪ್ರಜೆಗಳನ್ನು ಅವರ ಪಾಡಿಗೆ ಬಿಟ್ಟರೆ ಎಲ್ಲಿ ನಗಬೇಕೋ ಅಲ್ಲಿ ನಗುವುದಿಲ್ಲ. ಎಲ್ಲಿ ನಗಬಾರದೋ ಅಲ್ಲಿ ನಕ್ಕುಬಿಡುತ್ತಾರೆ. ಈ ಸತ್ಯವನ್ನು ಆ ಟಿವಿ ವಾಹಿನಿಯವರು ಬೇಗನೆ ಕಂಡುಕೊಂಡಿದ್ದರು. ಆದ್ದರಿಂದಲೇ ಅವರು ಒಬ್ಬ ಮಾಜಿ ಡ್ರಿಲ್ ಮೇಷ್ಟ್ರನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದರು. ತಾವು ಕಲಿಸುತ್ತಿದ್ದ ಖಾಸಗಿ ಶಾಲೆ ಮುಚ್ಚಿಹೋದ ಮೇಲೆ ಮನೆಯಲ್ಲಿ ಕೂತು ಪತ್ರಿಕೆಗಳಲ್ಲಿ ತಪ್ಪು ಹುಡುಕುತ್ತಿದ್ದ ಈ ಸಜ್ಜನರು, ಸೀಟಿಯೊಂದನ್ನು ಬಿಟ್ಟು ತಮ್ಮ ಉಳಿದೆಲ್ಲ ವಿದ್ಯೆಯನ್ನೂ ಸ್ಟುಡಿಯೋಕ್ಕೆ ತಂದರು. ಕ್ಯಾಮೆರಾದ ಕೆಳಗೆ, ಟಿವಿ ನೋಡುವವರಿಗೆ ಕಾಣದ ಹಾಗೆ, ಒಂದು ಗಿಡ್ಡ ಸ್ಟೂಲಿನ ಮೇಲೆ ಪ್ರೇಕ್ಷಕರಿಗೆ ಮುಖಮಾಡಿ ಅವರು ಕೂರುತ್ತಿದ್ದರು. ಬೆರಳು ಎತ್ತಿದರೆ ಮುಗುಳ್ನಗೆ. ಅಂಗೈ ಎತ್ತಿದರೆ ಹೊಟ್ಟೆ ಹಿಡಿದುಕೊಳ್ಳುವ ನಗೆ. ಎರಡೂ ಕೈ ಎತ್ತಿದರೆ ಚಪ್ಪಾಳೆ. ಮುಷ್ಟಿ ಕಟ್ಟಿದರೆ ಗಪ್‌ಚುಪ್. ತಣ್ಣನೆಯ ಗಾಳಿಗೂ ಬಿಸಿ ಚಹಾಕ್ಕೂ ಆಸೆಪಟ್ಟು ಮಿನಿಬಸ್ಸಿನಲ್ಲಿ ಬಂದ ಜನರಿಗೆ ಚಿತ್ರೀಕರಣಕ್ಕೆ ಮುಂಚೆ ಅವರು ಇದನ್ನೆಲ್ಲ ಅಭ್ಯಾಸ ಮಾಡಿಸುತ್ತಿದ್ದರು. ‘‘ಹಿಂದಿನ ಸಾಲು, ಹಲ್ಲು ಕಾಣಬೇಕು! ನಗು ಅಂದ್ರೆ ನಗು, ಕೆಮ್ಮಲ್ಲ!’’ ಸ್ಟುಡಿಯೋದವರು ಅವರನ್ನು ನಗೆಮೇಷ್ಟ್ರು ಎನ್ನುತ್ತಿದ್ದರು. ಅದರಲ್ಲಿರುವುದು ಗೌರವವೆಂದೇ ಅವರು ತಿಳಿದಿದ್ದರು.

ಸ್ಟುಡಿಯೋ ಒಂದೇ, ಕಾರ್ಯಕ್ರಮ ಎರಡು. ಮಂಗಳವಾರ ಮಧ್ಯಾಹ್ನ ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿದರೆ ಅದು ‘ನೇರ ಏಟು’. ಗುರುವಾರ ಮೇಜನ್ನು ಮೂಲೆಗೆ ತಳ್ಳಿ, ಸೋಫಾ ಎಳೆದು, ನೀಲಿ ಪರದೆ ಇಳಿಬಿಟ್ಟರೆ ಅದು ‘ಚಹಾದ ಜೊತೆ’. ಎರಡರಲ್ಲೂ ರಾಜಕಾರಣವನ್ನು ಹಾಸ್ಯದ ಒರೆಗಲ್ಲಿಗೆ ಹಚ್ಚಲಾಗುತ್ತದೆ ಎಂದು ವಾಹಿನಿ ಹೇಳಿಕೊಳ್ಳುತ್ತಿತ್ತು.

‘ನೇರ ಏಟಿ’ನ ನಿರೂಪಕನನ್ನು ಜನ ಗುಡುಗಣ್ಣ ಎಂದು ಕರೆಯುತ್ತಿದ್ದರು. ಅವನು ಮೆಲ್ಲನೆ ಶುರುಮಾಡಿ, ಕನ್ನಡಕ ತೆಗೆದು, ಒರೆಸಿ, ಇದ್ದಕ್ಕಿದ್ದಂತೆ ಮೇಜು ಕುಟ್ಟುತ್ತಿದ್ದ. ಸದ್ದು ಎದೆ ನಡುಗಿಸುವಂತೆ ಬರಲೆಂದು ಮೇಜಿನ ಕೆಳಗೆ ಒಂದು ಟೊಳ್ಳು ಪೆಟ್ಟಿಗೆ ಇಡಿಸಿದ್ದ. ‘‘ಈ ದೇಶಕ್ಕೆ ಏನಾಗಿದೆ?’’ ಎಂದು ಅವನು ಗಂಟಲು ಹರಿದುಕೊಂಡು ಕೇಳುತ್ತಿದ್ದಂತೆಯೇ ಜಾಹೀರಾತು ಬರುತ್ತಿತ್ತು; ಮರಳಿ ಬಂದಾಗ ಮುಖಕ್ಕೆ ಹೊಸದಾಗಿ ಪೌಡರ್ ಬಿದ್ದಿರುತ್ತಿತ್ತು, ದೇಶಕ್ಕೆ ಏನೂ ಆಗಿರುತ್ತಿರಲಿಲ್ಲ. ಅವನು ಅತಿಥಿಗಳನ್ನು ಕರೆಯುತ್ತಿರಲಿಲ್ಲ. ಅತಿಥಿ ಬಂದರೆ ತಿರುಗಿ ಉತ್ತರ ಕೊಟ್ಟಾನೆಂಬ ಭಯ.

‘ಚಹಾದ ಜೊತೆ’ಯ ಬೆಣ್ಣೆಯಮ್ಮನದು ಇನ್ನೊಂದು ದಾರಿ. ಅವಳಿಗೆ ಅತಿಥಿ ಇಲ್ಲದೆ ನಡೆಯದು. ಮಂತ್ರಿಯನ್ನೋ ಮಾಜಿಯನ್ನೋ ಸೋಫಾದಲ್ಲಿ ಕೂರಿಸಿ, ಕತ್ತು ಓರೆ ಮಾಡಿ, ಜೇನಿನಂಥ ದನಿಯಲ್ಲಿ ಕಟುವಾದ ಪ್ರಶ್ನೆ ಕೇಳಿ, ಆತ ಬಾಯಿ ತೆರೆಯುವಷ್ಟರಲ್ಲಿ ‘‘ಸಕ್ಕರೆ ಎಷ್ಟು ಹಾಕಲಿ?’’ ಎಂದುಬಿಡುತ್ತಿದ್ದಳು. ಉತ್ತರ ಸಕ್ಕರೆಗೆ ಸಿಗುತ್ತಿತ್ತು. ಇನ್ನು ಇಬ್ಬರಿಗೂ ಮಾತು ಬರೆದುಕೊಡುತ್ತಿದ್ದವನು ಒಬ್ಬನೇ ಬರಹಗಾರ. ಬೆಳಿಗ್ಗೆ ಕೋಪ, ಮಧ್ಯಾಹ್ನ ವಿನಯ ಎಂದು ಅವನು ಸಮಯ ಹಂಚಿಕೊಂಡಿದ್ದ.

ನಗೆಮೇಷ್ಟ್ರಿಗೆ ಇದೆಲ್ಲ ಗೊತ್ತಿತ್ತು; ಗೊತ್ತಿದ್ದೂ ನಂಬಿಕೆ ಕೆಟ್ಟಿರಲಿಲ್ಲ. ನಗೆ ಎಂಬುದು ಅಧಿಕಾರದ ಕಿವಿ ಹಿಂಡುವ ಕೈ ಎಂದು ಅವರು ಬಲವಾಗಿ ನಂಬಿದ್ದರು. ಆ ಕೈಯನ್ನು ಎತ್ತುತ್ತಿದ್ದವರು ತಾವೇ ಆದ್ದರಿಂದ ಸಹಜವಾಗಿಯೇ ನಂಬಿಕೆ ಸ್ವಲ್ಪ ಹೆಚ್ಚಾಗಿತ್ತು.

ಮೇಷ್ಟ್ರ ಮನೆಯವರಿಗೆ ಭಾನುವಾರದ ಊಟ ಯಾವಾಗಲೂ ಮಹಡಿ ಮೇಲೆ, ಅಕ್ಕನ ಮನೆಯಲ್ಲಿ. ಅಕ್ಕ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ. ಭಾವ ಗುಡುಗಣ್ಣನ ಭಕ್ತರು. ಮೇಷ್ಟ್ರ ಹೆಂಡತಿ ಬೆಣ್ಣೆಯಮ್ಮನ ಪಕ್ಷ. ತಟ್ಟೆ ಹಾಕುವ ಮೊದಲೇ ಯುದ್ಧ ಶುರುವಾಗುತ್ತಿತ್ತು.

‘‘ನಮ್ಮ ಗುಡುಗಣ್ಣಂಗೆ ಎದೆಗಾರಿಕೆ ಇದೆ ಕಣಮ್ಮ,’’ ಎಂದರು ಭಾವ. ‘‘ಮಂತ್ರಿ ಅಂತಾನೂ ನೋಡಲ್ಲ, ಮುಖಕ್ಕೆ ಹೊಡೆದ ಹಾಗೆ ಹೇಳ್ತಾನೆ.’’

‘‘ಯಾರ ಮುಖಕ್ಕೆ ಅಣ್ಣ? ಎದುರಿಗೆ ಖಾಲಿ ಕುರ್ಚಿ ತಾನೇ ಇರೋದು? ಅದಕ್ಕೆ ಬೈಯೋಕೆ ಎದೆ ಯಾಕೆ, ಗಂಟಲು ಸಾಕು. ಬೆಣ್ಣೆಯಮ್ಮ ನೋಡಿ, ಎದುರಿಗೇ ಕೂರಿಸಿಕೊಂಡು...’’

‘‘ಕೂರಿಸಿಕೊಂಡು ಉಪಚಾರ ಮಾಡ್ತಾಳೆ! ಬಿಸ್ಕತ್ತು ತಗೊಳ್ಳಿ ಸಾರ್, ಇನ್ನೊಂದು ತಗೊಳ್ಳಿ ಸಾರ್.’’

‘‘ಆ ಬಿಸ್ಕತ್ತು ಕೊಡುವಾಗಲೇ ಒಂದು ಚುಚ್ಚಿರ್ತಾರೆ. ಅದು ತಿಳಿಯೋಕೆ ಸ್ವಲ್ಪ ಸೂಕ್ಷ್ಮ ಬೇಕು ಬಿಡಿ.’’

‘‘ಕೇಳಿದೆಯೇನೋ? ನಿನ್ನ ಹೆಂಡತಿ ನನ್ನನ್ನ ಕೋಣ ಅಂತಿದಾಳೆ. ನೀನೇ ತೀರ್ಪು ಹೇಳಪ್ಪ, ಇಬ್ಬರನ್ನೂ ಹತ್ತಿರದಿಂದ ನೋಡಿರೋನು.’’

ಮೇಷ್ಟ್ರು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟು, ಕಪ್ಪುಹಲಗೆಯ ಮುಂದೆ ನಿಂತವರ ಹಾಗೆ ಹೇಳಿದರು: ‘‘ಗುಡುಗಣ್ಣಂದು ಬೆತ್ತ. ಬೆಣ್ಣೆಯಮ್ಮಂದು ಸೂಜಿ. ಶೈಲಿ ಬೇರೆ, ಉದ್ದೇಶ ಒಂದೇ. ಎರಡೂ ಸಮಾಜವನ್ನ ತಿದ್ದೋ ಸಾಧನಗಳು.’’

‘‘ಇಲ್ಲೀವರೆಗೆ ಯಾರನ್ನ ತಿದ್ದಿದಾವೋ?’’ ಎಂದಳು ಅಕ್ಕ, ತಲೆ ಎತ್ತದೆ. ‘‘ಒಬ್ಬರನ್ನ ತೋರಿಸು.’’

ಅಕ್ಕನ ದನಿಯಲ್ಲಿ ಸಪ್ಪೆತನವಿತ್ತು. ಅದಕ್ಕೆ ಕಾರಣ ಮನೆಯಲ್ಲಿ ಎಲ್ಲರಿಗೂ ತಿಳಿದದ್ದೇ. ಅವಳ ಶಾಲೆಯ ಹಳೆಯ ಕಟ್ಟಡದಲ್ಲಿ, ಮಕ್ಕಳು ಆಟಕ್ಕೆ ಹೋಗಿದ್ದಾಗ, ಮೇಲ್ಛಾವಣಿಯ ಗಾರೆ ಬೆಂಚೊಂದರ ಮೇಲೆ ಬಿದ್ದು ಬೆಂಚು ಸೀಳಿಹೋಗಿತ್ತು. ಅಕ್ಕ ಅಂದೇ ಕೊಠಡಿಗಳಿಗೆ ಬೀಗ ಹಾಕಿ, ಮಕ್ಕಳನ್ನು ಸೈಕಲ್ ಸ್ಟ್ಯಾಂಡಿನ ತಗಡಿನ ಮಾಡಿನ ಕೆಳಗೆ ಕೂರಿಸಿದಳು. ಸೈಕಲ್ಲುಗಳು ಬಿಸಿಲಿಗೆ ಹೋದವು. ಇಲಾಖೆಯ ಎಂಜಿನಿಯರು ಬಂದು, ಬುದ್ಧಿವಂತರಾದ್ದರಿಂದ ಹೊಸಿಲಲ್ಲೇ ನಿಂತು ನೋಡಿ, ಕಟ್ಟಡ ಗಟ್ಟಿಯಾಗಿದೆ ಎಂದು ಹೇಳಿ ಹೋದರು. ತಿಂಗಳ ಕೊನೆಯ ಸೋಮವಾರದೊಳಗೆ ಬೀಗ ತೆಗೆಯಬೇಕು, ಇಲ್ಲವೇ ಅಧಿಕಾರವನ್ನು ಬೇರೆಯವರಿಗೆ ವಹಿಸಬೇಕು ಎಂದು ಮೇಲಿನಿಂದ ಆಜ್ಞೆ ಬಂತು. ಕುರ್ಚಿ ಹೋದರೆ ಹೋಗಲಿ ಎನ್ನುವಷ್ಟು ಗಟ್ಟಿತನ ಅಕ್ಕನಿಗಿತ್ತು. ಆದರೆ ಆ ಕುರ್ಚಿಗೆ ಬರುವವರು ಮೊದಲ ದಿನವೇ ಬೀಗ ತೆಗೆದು ಮಕ್ಕಳನ್ನು ಒಳಗೆ ಕೂರಿಸುತ್ತಾರೆ ಎಂಬುದು ಅವಳ ನಿದ್ದೆ ಕೆಡಿಸಿತ್ತು.

‘‘ನಾನು ತೋರಿಸ್ತೀನಿ ಅಕ್ಕಾ,’’ ಎಂದರು ಮೇಷ್ಟ್ರು. ‘‘ಈ ವಿಷಯ ಒಂದು ಸಲ ನಮ್ಮ ಕಾರ್ಯಕ್ರಮದಲ್ಲಿ ಬರಲಿ. ಆ ಶಿಕ್ಷಣ ಮಂತ್ರಿ ನಾಚಿಕೆಯಿಂದ ತಲೆ ತಗ್ಗಿಸದಿದ್ರೆ ಕೇಳು.’’

‘‘ನಾಚಿಕೆ ಇದ್ದೋರಿಗೆ ತಾನೇ ಆ ಮಾತು?’’ ಎಂದು ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮೇಷ್ಟ್ರು ಮರುದಿನವೇ ಬರಹಗಾರನ ಬಳಿ ಹೋದರು. ಎಲ್ಲವನ್ನೂ ಕೇಳಿದ ಅವನ ಕಣ್ಣು ಅರಳಿತು.

‘‘ಮಕ್ಕಳು ಸೈಕಲ್ ಸ್ಟ್ಯಾಂಡಲ್ಲಾ? ಅಯ್ಯೋ ಮೇಷ್ಟ್ರೇ, ಚಿನ್ನದಂಥ ವಿಷಯ! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?’’

‘‘ಗಾರೆ ಬಿದ್ದಿದ್ದು ಮುಖ್ಯ ಕಣಪ್ಪ. ಎಂಜಿನಿಯರು ಒಳಗೇ ಹೋಗಲಿಲ್ಲ ಅನ್ನೋದು ಮುಖ್ಯ.’’

‘‘ಎಲ್ಲಾ ಬರುತ್ತೆ, ಎಲ್ಲಾ ಬರುತ್ತೆ,’’ ಎಂದ ಅವನು. ಅಷ್ಟರಲ್ಲಾಗಲೇ ಬರೆಯತೊಡಗಿದ್ದ.

ಮಂಗಳವಾರ ಗುಡುಗಣ್ಣ ಕನ್ನಡಕ ಒರೆಸಿ ಮೇಜು ಕುಟ್ಟಿದ. ‘‘ಮಕ್ಕಳು ಸೈಕಲ್ ಸ್ಟ್ಯಾಂಡಿನಲ್ಲಿ! ಹಾಗಾದರೆ ಸೈಕಲ್ಲುಗಳು ಎಲ್ಲಿ? ತರಗತಿಯಲ್ಲಿ! ಈ ವರ್ಷ ಸೈಕಲ್ಲುಗಳೇ ಫಸ್ಟ್ ಕ್ಲಾಸ್! ಮಕ್ಕಳು? ಪಂಕ್ಚರ್!’’ ಎಂದು ಅವನು ಕೈಬೆರಳಿನಲ್ಲೇ ಗಂಟೆ ಒತ್ತಿ ‘‘ಟ್ರಿಣ್ ಟ್ರಿಣ್’’ ಎಂದ. ಮೇಷ್ಟ್ರ ಅಂಗೈ ಹೆಮ್ಮೆಯಿಂದ ಮೇಲೆದ್ದಿತು. ಇಡೀ ಸ್ಟುಡಿಯೋ ಬಿದ್ದು ಬಿದ್ದು ನಕ್ಕಿತು. ಮೂರನೇ ಸಾಲಿನಲ್ಲಿ ಕೂತಿದ್ದ ಹೊಲಿಗೆಯಮ್ಮ ಮೇಷ್ಟ್ರ ಅಚ್ಚುಮೆಚ್ಚಿನ ಶಿಷ್ಯೆ. ಹೊಲಿಗೆ ಅಂಗಡಿಗೆ ಮಧ್ಯಾಹ್ನ ಬಾಗಿಲೆಳೆದುಕೊಂಡು ಬರುತ್ತಿದ್ದ ಆಕೆಯ ನಗೆ ಹೊಲಿಗೆ ಯಂತ್ರದಂತೆ ಗಡಗಡನೆ ಶುರುವಾಗಿ, ಮೇಲೇರಿ, ಕೊನೆಗೆ ಬಿಕ್ಕಳಿಕೆಯಲ್ಲಿ ನಿಲ್ಲುತ್ತಿತ್ತು. ಅಂದು ಅದು ಬೇಗ ನಿಲ್ಲಲಿಲ್ಲ. ಗಂಟೆಯ ತಮಾಷೆಗೆ ಸಿಕ್ಕ ಮೆಚ್ಚುಗೆ ನೋಡಿ ಗುಡುಗಣ್ಣ ಮತ್ತೆರಡು ಸಲ ಗಂಟೆ ಬಾರಿಸಿದ. ಗಾರೆ, ಎಂಜಿನಿಯರು, ಆಜ್ಞೆ, ಇವಕ್ಕೆ ಸಮಯ ಸಾಲಲಿಲ್ಲ. ಜಾಹೀರಾತು ಕಾಯುತ್ತಿತ್ತು.

ಕಾರ್ಯಕ್ರಮ ಪ್ರಸಾರವಾದ ಮಾರನೆಯ ದಿನವೇ ಬೆತ್ತದ ಏಟು ಯಾರಿಗೆ ಬಿತ್ತೆಂದು ತಿಳಿಯಿತು. ಮಂತ್ರಿಗಳಿಗಂತೂ ಅಲ್ಲ. ಅಕ್ಕ ಬೀದಿಯಲ್ಲಿ ನಡೆದರೆ ಹಿಂದೆ ಟ್ರಿಣ್ ಟ್ರಿಣ್. ಖಾಸಗಿ ಶಾಲೆಯ ಮಕ್ಕಳು ಈ ಶಾಲೆಯ ಮಕ್ಕಳನ್ನು ಪಂಕ್ಚರ್ ಎಂದು ಕರೆಯತೊಡಗಿದರು. ವಾರ ತುಂಬುವ ಮೊದಲೇ ತಂದೆತಾಯಿಗಳು ಅಕ್ಕನ ಮುಂದೆ ನಿಂತಿದ್ದರು.

‘‘ಮೇಡಂ, ನನ್ನ ಮಗಳು ಶಾಲೆಗೆ ಹೋಗಲ್ಲ ಅಂತ ಅಳ್ತಿದಾಳೆ. ಊರೆಲ್ಲ ನಗ್ತಿದೆ. ಬಾಗಿಲು ತೆಗೆದುಬಿಡಿ, ಬಿದ್ದಾಗ ನೋಡ್ಕೊಳ್ಳೋಣ,’’ ಎಂದನೊಬ್ಬ ತಂದೆ.

‘‘ಬಿದ್ದ ಮೇಲೆ ನೋಡೋಕೆ ಏನು ಉಳಿದಿರುತ್ತಪ್ಪ?’’ ಎಂದು ಅಕ್ಕ ಕೇಳಿದಳು.

ಅಂದು ಸಂಜೆ ಮೆಟ್ಟಿಲ ಮೇಲೆ ಸಿಕ್ಕ ತಮ್ಮನಿಗೆ ಅಕ್ಕ ಹೇಳಿದ್ದು ಇಷ್ಟೇ: ‘‘ಇಲಾಖೆ ಒಂದನ್ನೇ ಎದುರಿಸ್ತಿದ್ದೆ ಕಣೋ. ಈಗ ಮಕ್ಕಳ ಮನೆಯೋರನ್ನೂ ಎದುರಿಸಬೇಕು. ಒಳ್ಳೇ ಉಪಕಾರ ಮಾಡಿದೆ.’’

ಮೇಷ್ಟ್ರಿಗೆ ಮುಖದ ಮೇಲೆ ಹೊಡೆದಂತಾಯಿತು. ಆದರೂ ಸೂಜಿ ಉಳಿದಿತ್ತಲ್ಲ. ‘‘ಗುರುವಾರ ಮಂತ್ರಿಗಳೇ ಸೋಫಾಕ್ಕೆ ಬರ್ತಿದಾರೆ ಅಕ್ಕಾ. ಮುಖಾಮುಖಿ. ಬೆಣ್ಣೆಯಮ್ಮ ಕೇಳೇ ಕೇಳ್ತಾರೆ.’’

ಬೆಣ್ಣೆಯಮ್ಮ ನಿಜಕ್ಕೂ ಕೇಳಿದಳು. ಗುರುವಾರ ಮಧ್ಯಾಹ್ನ ಮಂತ್ರಿಗಳು ಎಣ್ಣೆ ಸವರಿದಂಥ ಮುಖದಲ್ಲಿ ಸೋಫಾದ ಮೇಲೆ ಕೂತಿದ್ದರು. ಅವಳು ಕತ್ತು ಓರೆ ಮಾಡಿದಳು. ‘‘ಸಾರ್, ನಿಮ್ಮ ಶಾಲೆಯ ಛಾವಣಿ ಬೀಳ್ತಿದೆಯಂತೆ. ಮಕ್ಕಳ ಪ್ರಾಣದ ಜೊತೆ ಆಟ ಅಲ್ವಾ ಇದು?’’ ಮೇಷ್ಟ್ರ ಎದೆ ಹಿಗ್ಗಿತು. ಮಂತ್ರಿಗಳು ಬಾಯಿ ತೆರೆದರು. ಅವಳು ಕೆಟಲ್ ಎತ್ತಿದಳು. ‘‘ಸಕ್ಕರೆ ಹಾಕಲಾ?’’

‘‘ನೀವು ಮಾತಾಡಿದ ಮೇಲೆ ಸಕ್ಕರೆ ಯಾಕಮ್ಮ?’’ ಎಂದರು ಮಂತ್ರಿಗಳು. ಸ್ಟೂಲಿನ ಮೇಲೆ ಕೂತವರ ಬೆರಳು ರೂಢಿಯಂತೆ ಎದ್ದಿತು. ಪ್ರೇಕ್ಷಕರು ಮುಗುಳ್ನಕ್ಕರು.

ಮಂತ್ರಿಗಳಿಗೆ ಹುರುಪು ಬಂತು. ‘‘ನೋಡಿ, ಆ ಹೆಡ್‌ಮೇಡಂಗೆ ಸೈಕಲ್ ಮೇಲೆ ತುಂಬಾ ಪ್ರೀತಿ. ಸೋಮವಾರ ನಾನೇ ಹೋಗ್ತೀನಿ. ನನ್ನ ಕೈಯಾರೆ ಬೀಗ ತೆಗೀತೀನಿ. ಮಕ್ಕಳು ಒಳಗೆ, ಸೈಕಲ್ ಸ್ಟ್ಯಾಂಡಿಗೆ, ಮೇಡಂ ಮನೆಗೆ!’’

ಇಲ್ಲಿ ಅಂಗೈ ಏಳಬೇಕಿತ್ತು. ಇಡೀ ಸ್ಟುಡಿಯೋ ಅದಕ್ಕಾಗಿ ಕಾದಿತ್ತು. ಮೂರನೇ ಸಾಲಿನಲ್ಲಿ ಹೊಲಿಗೆಯಮ್ಮ ಉಸಿರು ತುಂಬಿಕೊಂಡು ಸಿದ್ಧಳಾಗಿದ್ದಳು. ಮೇಷ್ಟ್ರ ಕಣ್ಣಿಗೆ ಆ ಸೀಳಿದ ಬೆಂಚು ಕಟ್ಟಿತು. ತಮ್ಮ ಕೈ ತಮ್ಮದೇ ತೊಡೆಯ ಮೇಲಿರುವುದನ್ನು ಅವರು ನೋಡಿದರು. ಎತ್ತಲಿಲ್ಲ. ಅಪ್ಪಣೆಯಿಲ್ಲದೆ ನಗಬಾರದೆಂದು ಅವರೇ ಕಲಿಸಿದ್ದ ಜನ, ತುಂಬಿಕೊಂಡ ಉಸಿರನ್ನು ಸದ್ದಿಲ್ಲದೆ ಬಿಟ್ಟರು.

ತಮಾಷೆ ಕೇಳಿಸಲಿಲ್ಲವೇನೋ ಎಂದುಕೊಂಡ ಮಂತ್ರಿಗಳು ಮತ್ತೊಮ್ಮೆ ಹೇಳಿದರು. ‘‘ಮೇಡಂ ಮನೆಗೆ... ಅಂದ್ರೆ ರಜೆ ಮೇಲೆ, ಅಂತ.’’ ಬೆಣ್ಣೆಯಮ್ಮ ಬಾಯಿ ತುಂಬ ನಕ್ಕಳು. ಒಂಟಿ ನಗೆ ಪರದೆಗೆ ತಾಗಿ ಬಿತ್ತು. ಪ್ರೊಡ್ಯೂಸರ್ ಗಾಜಿನ ಹಿಂದಿನಿಂದ ‘ಕೈ, ಕೈ’ ಎಂದು ಸನ್ನೆ ಮಾಡುತ್ತಿದ್ದ. ಹುಟ್ಟಿದಾಗಿನಿಂದ ಇಷ್ಟು ಹೊತ್ತು ಯಾರ ಮೌನವನ್ನೂ ಕೇಳಿರದ ಮಂತ್ರಿಗಳು ಬೆವರಿದರು. ಬೆವರಿದವರು ಬಾಯಿ ಮುಚ್ಚುವುದೇ ಕ್ಷೇಮ; ಅವರು ಮಾತ್ರ ತೆರೆದರು.

‘‘ಅಲ್ಲ, ಬಿದ್ರೂ ಎಷ್ಟು ಬೀಳುತ್ತೆ? ಒಂದು ಹಿಡಿ ಗಾರೆ!’’

‘‘ಯಾರ ತಲೆ ಮೇಲೆ ಸಾರ್?’’

ಕೇಳಿದ್ದು ಹೊಲಿಗೆಯಮ್ಮ. ಕುಹಕವಿಲ್ಲ, ಕೋಪವೂ ಇಲ್ಲ. ಅಳತೆ ತೆಗೆದುಕೊಳ್ಳುವಾಗ ತೋಳು ಎಷ್ಟುದ್ದ ಎಂದು ಕೇಳುವ ದನಿ. ಮಂತ್ರಿಗಳು ಉತ್ತರಕ್ಕಾಗಿ ಬೆಣ್ಣೆಯಮ್ಮನನ್ನು ನೋಡಿದರು. ಬೆಣ್ಣೆಯಮ್ಮ ಬಿಸ್ಕತ್ತಿನ ತಟ್ಟೆಯನ್ನು ನೋಡಿದಳು.

‘‘ಕೈಗೆ ಏನಾಗಿತ್ತು ಮೇಷ್ಟ್ರೇ? ಲಕ್ವ ಹೊಡೆದಿತ್ತಾ?’’ ಎಂದು ಪ್ರೊಡ್ಯೂಸರ್ ಆಮೇಲೆ ಕೇಳಿದ.

‘‘ನಗು ಬರಲಿಲ್ಲ ಸಾರ್.’’

‘‘ನಿಮಗೆ ಬರಬೇಕು ಅಂತ ಯಾರು ಕೇಳಿದ್ರು? ಬರಿಸೋದು ನಿಮ್ಮ ಕೆಲಸ!’’

ಮಾತು ನ್ಯಾಯವಾಗಿಯೇ ಇತ್ತು. ಮೇಷ್ಟ್ರು ತಮ್ಮ ಸ್ಟೂಲನ್ನು ಗೋಡೆಗೆ ಒತ್ತರಿಸಿಟ್ಟು ಹೊರಟರು. ಅವರ ಜಾಗದಲ್ಲಿ, ಹೊತ್ತಿದರೆ ನಗಬೇಕಾದ ಒಂದು ಕೆಂಪು ದೀಪ ಹಾಕಿಸಲಾಯಿತು ಎಂದು ಬರಹಗಾರ ಫೋನು ಮಾಡಿ ತಿಳಿಸಿದ. ದೀಪಕ್ಕೆ ಅಕ್ಕತಂಗಿಯರು ಇರುವುದಿಲ್ಲ.

ಶನಿವಾರ ಕಾರ್ಯಕ್ರಮ ಪ್ರಸಾರವಾಯಿತು. ಹೊಲಿಗೆಯಮ್ಮನ ಪ್ರಶ್ನೆ ಎಲ್ಲೂ ಇರಲಿಲ್ಲ. ಮಂತ್ರಿಗಳು ‘‘ಒಂದು ಹಿಡಿ ಗಾರೆ’’ ಎಂದ ಕೂಡಲೇ ಸ್ಟುಡಿಯೋ ಕಿತ್ತುಹೋಗುವಂತೆ ನಗೆ ಎದ್ದಿತು. ಆ ಮೌನಕ್ಕೆ ಮಂಗಳವಾರದ ನಗೆಯನ್ನು ತಂದು ತೇಪೆ ಹಾಕಿದ್ದರು. ಮೇಷ್ಟ್ರು ಕೇಳುತ್ತಾ ಕೂತರು: ಗಡಗಡನೆ ಶುರುವಾಗಿ, ಮೇಲೇರಿ, ಬಿಕ್ಕಳಿಕೆಯಲ್ಲಿ ನಿಂತ ಒಂದು ನಗೆ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು.

ಭಾನುವಾರ ಬೆಳಿಗ್ಗೆ ಬಾಗಿಲು ದಬದಬ ಬಡಿದ ಸದ್ದಾಯಿತು. ಹೊಲಿಗೆಯಮ್ಮ ಕತ್ತಿಗೆ ಅಳತೆಯ ಟೇಪು ಸುತ್ತಿಕೊಂಡೇ ಬಂದಿದ್ದಳು.

‘‘ಮೇಷ್ಟ್ರೇ, ಆ ನಗು ನಂದು! ಆದ್ರೆ ನಾನು ನಗಲಿಲ್ಲ! ನೀವು ನೋಡಿದ್ರಿ ತಾನೇ, ನಾನು ನಗಲಿಲ್ಲ?’’

‘‘ನಗಲಿಲ್ಲಮ್ಮ. ನೀವು ಪ್ರಶ್ನೆ ಕೇಳಿದ್ರಿ.’’

‘‘ನನ್ನ ಪಕ್ಕದ ಮನೆಯೋಳ ಮಗು ಅದೇ ಶಾಲೇಲಿ ಓದ್ತಿದೆ. ‘ನನ್ನ ಮಗೂ ತಲೆ ಮೇಲೆ ಗಾರೆ ಬೀಳುತ್ತೆ ಅಂದ್ರೆ ನಿಂಗೆ ನಗುನಾ?’ ಅಂತ ಬೀದೀಲೇ ಕೇಳಿದಳು. ನನ್ನ ನಗೂನ ಅಲ್ಲಿಂದ ಕತ್ತರಿಸಿ ಇಲ್ಲಿಗೆ ಹೊಲಿಯೋಕೆ ಅವರಿಗೆ ಹೇಳಿದೋರು ಯಾರು? ಬಟ್ಟೆ ಕದ್ದ ಹಾಗೆ ಕದ್ದಿದಾರೆ! ನಾಳೆ ನಾನು ಶಾಲೆ ಹತ್ತಿರ ಬರ್ತೀನಿ. ನಮ್ಮ ಬೀದಿಯೋರನ್ನೆಲ್ಲ ಕರ್ಕೊಂಡು ಬರ್ತೀನಿ. ನಾನು ನಗಲ್ಲ ಅನ್ನೋದನ್ನ ಎಲ್ಲರೂ ಕಣ್ಣಾರೆ ನೋಡಲಿ.’’

ಸೋಮವಾರ ಶಾಲೆಯ ಅಂಗಳ ತುಂಬಿತ್ತು. ಬಾಗಿಲು ತೆಗೆಯಿರಿ ಎಂದಿದ್ದ ತಂದೆತಾಯಿಗಳಿದ್ದರು; ಹೊಲಿಗೆಯಮ್ಮನ ಬೀದಿಯಿತ್ತು. ವಾಹಿನಿಯಿಂದ ಒಂದೇ ಕ್ಯಾಮೆರಾ ಬಂದಿತ್ತು, ಮೈಕು ಮಾತ್ರ ಎರಡು: ಒಂದಕ್ಕೆ ಕೆಂಪು ಸ್ಪಂಜು, ಇನ್ನೊಂದಕ್ಕೆ ನೀಲಿ. ಮೇಷ್ಟ್ರು ಸೈಕಲ್ ಸ್ಟ್ಯಾಂಡಿನ ಕಂಬಕ್ಕೆ ಒರಗಿ, ಎರಡೂ ಕೈಗಳನ್ನು ಜೇಬಿಗೆ ತುರುಕಿ ನಿಂತಿದ್ದರು.

ಮಂತ್ರಿಗಳು ಕಾರಿನಿಂದಿಳಿದು ಎರಡೂ ಸ್ಪಂಜುಗಳ ಮುಂದೆ ಹೇಳಿದರು: ‘‘ಮಕ್ಕಳು ಒಳಗೆ, ಸೈಕಲ್ ಸ್ಟ್ಯಾಂಡಿಗೆ, ಮೇಡಂ ಮನೆಗೆ!’’ ಟಿವಿಯಲ್ಲಿ ಅಷ್ಟೊಂದು ನಗಿಸಿದ್ದ ಮಾತು. ಅಂಗಳದಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಹೊಲಿಗೆಯಮ್ಮ ಮುಂದೆ ಬಂದು, ತನ್ನ ಮುಚ್ಚಿದ ಬಾಯಿ ಎಲ್ಲರಿಗೂ ಕಾಣುವಂತೆ ನಿಂತಳು.

ಅಕ್ಕ ವಾದಕ್ಕೆ ಹೋಗಲಿಲ್ಲ. ಸೊಂಟದಿಂದ ಬೀಗದ ಕೈ ತೆಗೆದು ತಾನೇ ಬಾಗಿಲು ತೆರೆದಳು. ಸೀಳಿದ ಬೆಂಚಿನ ಪಕ್ಕದಲ್ಲಿ, ಬಿರುಕು ಬಿಟ್ಟ ಛಾವಣಿಯ ಸರಿಯಾಗಿ ಕೆಳಗೆ, ಒಂದು ಕುರ್ಚಿ ಹಾಕಿತ್ತು.

‘‘ಬನ್ನಿ ಸಾರ್. ಒಂದು ಪೀರಿಯಡ್ ನೀವು ಕೂತ್ಕೊಳ್ಳಿ. ಆಮೇಲೆ ಮಕ್ಕಳನ್ನ ಕೂರಿಸೋಣ.’’

ಗಾರೆ ಆಗ ಬೀಳಲಿಲ್ಲ. ಗಾರೆಗೆ ಅಷ್ಟೊಂದು ಸಮಯಪ್ರಜ್ಞೆ ಇರುವುದಿಲ್ಲ. ಮಂತ್ರಿಗಳು ಹೊಸಿಲಿನ ತನಕ ನಡೆದರು. ಛಾವಣಿ ನೋಡಿದರು, ಕುರ್ಚಿ ನೋಡಿದರು, ಮತ್ತೆ ಛಾವಣಿ ನೋಡಿದರು. ನಗೆಗಾಗಿ ಹಿಂದಕ್ಕೆ ತಿರುಗಿದರು. ‘‘ಒಂದು ಹಿಡಿ ತಾನೇ ಸಾರ್?’’ ಎಂದಳು ಹೊಲಿಗೆಯಮ್ಮ. ಮಗಳು ಅಳುತ್ತಾಳೆಂದು ಬಂದಿದ್ದ ಆ ತಂದೆ ಮಂತ್ರಿಗಳ ಕಾಲನ್ನೇ ನೋಡುತ್ತಿದ್ದ. ಕಾಲು ಹೊಸಿಲು ದಾಟಲಿಲ್ಲ. ಆತ ಸದ್ದಿಲ್ಲದೆ ಹೋಗಿ ತನ್ನ ಮಗಳನ್ನು ಕೈಹಿಡಿದು ಸೈಕಲ್ ಸ್ಟ್ಯಾಂಡಿನಲ್ಲಿ ಕೂರಿಸಿ ಬಂದ.

‘‘ತಾಂತ್ರಿಕ ಪರಿಶೀಲನೆ ಇನ್ನೊಂದು ಸಲ ಆಗಲಿ,’’ ಎಂದರು ಮಂತ್ರಿಗಳು ಗಂಭೀರವಾಗಿ. ‘‘ಅಲ್ಲೀವರೆಗೆ ಬೀಗ ಇರಲಿ. ಮೇಡಮ್ಮೂ ಇರಲಿ.’’

ಮುಂದಿನ ಭಾನುವಾರ ಮಹಡಿಯ ಮನೆಯಲ್ಲಿ ಟಿವಿ ಎರಡು ವಿಜಯಘೋಷಗಳನ್ನು ಸರದಿಯ ಮೇಲೆ ಸಾರುತ್ತಿತ್ತು. ‘‘ನೇರ ಏಟಿನ ಫಲ! ಮಂತ್ರಿ ಹಿಂದಕ್ಕೆ!’’ ಅದಾದ ಮೇಲೆ, ‘‘ಚಹಾದ ಜೊತೆ ಗೆದ್ದ ಮಕ್ಕಳು!’’

‘‘ನೋಡಿದೆಯೇನಮ್ಮ? ಮೊದಲು ಎತ್ತಿದ್ದು ನಮ್ಮ ಗುಡುಗಣ್ಣ,’’ ಎಂದರು ಭಾವ.

‘‘ಎತ್ತಿದ್ದಲ್ಲ ಅಣ್ಣ, ಗಂಟೆ ಹೊಡೆದಿದ್ದು. ಮಂತ್ರಿ ಬಾಯಲ್ಲಿ ಸೋಮವಾರ ಅಂತ ಹೇಳಿಸಿದ್ದು ಬೆಣ್ಣೆಯಮ್ಮ. ಹೇಳದಿದ್ರೆ ಬರ್ತಿದ್ರಾ? ಬರದಿದ್ರೆ ಹೆದರ್ತಿದ್ರಾ?’’

‘‘ನೀನೇ ಹೇಳೋ, ಯಾರಿಂದ ಆಗಿದ್ದು ಇದು?’’

ಮೇಷ್ಟ್ರು ರೂಢಿಯಂತೆ ಮುಷ್ಟಿ ಕಟ್ಟಿ ತೋರಿಸಿದರು. ಇಬ್ಬರೂ ನಿಲ್ಲಿಸಲಿಲ್ಲ. ಮನೆಯವರಿಗೆ ಅವರು ಎಂದೂ ಅಭ್ಯಾಸ ಮಾಡಿಸಿರಲಿಲ್ಲ.

‘‘ಗಾರೆ ಇನ್ನೂ ಅಲ್ಲೇ ನೇತಾಡ್ತಿದೆ,’’ ಎಂದಳು ಅಕ್ಕ, ನೀರು ಬಡಿಸುತ್ತಾ. ‘‘ಪರಿಶೀಲನೆಗೆ ಯಾರೂ ಬಂದಿಲ್ಲ. ಸೈಕಲ್ ಸ್ಟ್ಯಾಂಡಿಗೆ ಒಂದು ಪಕ್ಕ ತಟ್ಟಿ ಕಟ್ಟಬೇಕು. ಬಿಸಿಲು ಮಕ್ಕಳ ಮುಖಕ್ಕೇ ಹೊಡೀತದೆ. ನಾಳೆ ಬರ್ತೀಯೇನೋ? ಹೇಗೂ ಕೈ ಖಾಲಿ ಇದೆಯಲ್ಲ.’’

‘‘ಬರ್ತೀನಿ ಅಕ್ಕಾ.’’

ಟಿವಿಯಲ್ಲಿ ಎರಡು ಘೋಷಗಳ ನಡುವೆ ಮತ್ತೆ ಅದೇ ನಗೆ ಕೇಳಿಸಿತು: ಗಡಗಡನೆ ಶುರುವಾಗಿ ಮೇಲೇರುತ್ತಿತ್ತು. ಬಿಕ್ಕಳಿಕೆ ಬರುವ ಮೊದಲೇ ಮೇಷ್ಟ್ರು ಎದ್ದು ಗುಂಡಿ ಒತ್ತಿ ಅದನ್ನು ಆರಿಸಿದರು.

‘‘ಏಯ್, ನೋಡ್ತಾ ಇದ್ವಲ್ಲೋ!’’ ಎಂದರು ಭಾವ.

‘‘ಹೌದ್ರೀ, ನೋಡ್ತಾ ಇದ್ವಿ!’’ ಎಂದಳು ಹೆಂಡತಿ. ಆ ವರ್ಷ ಇಬ್ಬರೂ ಒಪ್ಪಿಕೊಂಡ ಮೊದಲ ಮಾತು ಅದು.